ಚಳಿಗಾಲಕ್ಕೆ ಕೊಡಗಿನಿಂದ ಹೊರದೇಶಕ್ಕೆ, ಅದೂ ಒಬ್ಬರೇ: ಟಿಕೆಟ್ ಕೊನೆಗೆ ತಗೊಳ್ಳಿ

ಮಡಿಕೇರಿ, ಸೋಮವಾರಪೇಟೆ ಕಡೆ ಡಿಸೆಂಬರ್-ಜನವರಿಯ ಚಳಿ ಅರವತ್ತು ದಾಟಿದ ಮಂಡಿಗೆ, ಉಬ್ಬಸದ ಎದೆಗೆ ಆಗಿಬರುವುದಿಲ್ಲ. ಹಾಗಾಗಿ ನಿವೃತ್ತರು ಎರಡು-ಮೂರು ತಿಂಗಳು ಬೆಚ್ಚಗಿರುವ ದೇಶದಲ್ಲಿ ಇದ್ದು ಬರೋಣ ಅಂತ ಹೊರಡುತ್ತಾರೆ. ಎಡವುವುದು ಮಾತ್ರ ಎಲ್ಲರೂ ಒಂದೇ ಜಾಗದಲ್ಲಿ. ಆಫರ್ ಬಂತು ಅಂತ ಸೆಪ್ಟೆಂಬರ್‌ನಲ್ಲೇ ಟಿಕೆಟ್ ತೆಗೆಯುತ್ತಾರೆ. ಆಮೇಲೆ ಪಾಸ್‌ಪೋರ್ಟ್‌ಗೆ ಐದೇ ತಿಂಗಳು ಉಳಿದಿದೆ ಅಂತ ಗೊತ್ತಾಗುತ್ತದೆ. ವಿಮೆಯವರು ಹೃದಯದ ಹಳೇ ರಿಪೋರ್ಟ್ ಕೇಳುತ್ತಾರೆ. ಜೀವನ ಪ್ರಮಾಣ ಪತ್ರ ಬಾಕಿ ಉಳಿದು ಪೆನ್ಶನ್ ನಿಲ್ಲುತ್ತದೆ. ಕೊನೆಗೆ ಟಿಕೆಟ್ ದುಡ್ಡೂ ಹೋಯಿತು, ಚಳಿಗಾಲವೂ ಹೋಯಿತು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಜುಲೈ-ಆಗಸ್ಟ್‌ನಲ್ಲಿ, ಮಳೆಗೆ ಮನೆಯೊಳಗೇ ಕೂತಿರುವಾಗ ಶುರು ಮಾಡಿದರೆ ಆರಾಮ.

ಬೇಕಾಗುವ ಸಾಮಾನು

ಪಾಸ್‌ಪೋರ್ಟ್, ಎರಡು ಸಿಮ್ ಹಾಕಬಹುದಾದ ಫೋನ್, ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್, ಡಾಕ್ಟರ್ ಬರೆದುಕೊಟ್ಟ ಔಷಧಿ ಪಟ್ಟಿ, ಎಲ್ಲಾ ಕಾಗದದ ಎರಡು ಸೆಟ್ ಜೆರಾಕ್ಸ್. ಇದರ ಜೊತೆಗೆ, ರಾತ್ರಿ ಹನ್ನೊಂದಕ್ಕೆ ಕರೆ ಮಾಡಿದರೂ ಫೋನ್ ಎತ್ತುವ ಒಬ್ಬ ಮನುಷ್ಯ. ಈ ಕೊನೆಯದು ಸಿಗದಿದ್ದರೆ ಒಬ್ಬರೇ ಹೋಗುವ ಯೋಚನೆ ಈ ವರ್ಷಕ್ಕೆ ಬಿಡಿ.

## ಹಂತ 1: ಮನೆಯ ಕ್ಯಾಲೆಂಡರ್ ಮೊದಲು

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುತ್ತದೆ. ಹಬ್ಬ ಮುಗಿಸಿ ಹೊರಡುವುದು ಎಲ್ಲರಿಗೂ ಇಷ್ಟ. ಆದರೆ ತೋಟ ಇರುವವರಿಗೆ ಅಸಲಿ ಲೆಕ್ಕ ಕಾಫಿಯದು. ಅರೇಬಿಕಾ ಕುಯ್ಲು ಸುಮಾರು ಜನವರಿಯೊಳಗೆ ಮುಗಿಯುತ್ತದೆ. ರೋಬಸ್ಟಾ ಶುರುವಾಗುವುದೇ ಆಗ. ಫೆಬ್ರವರಿ-ಮಾರ್ಚ್‌ನಲ್ಲಿ ಹೂ ಮಳೆ, ಅಂದರೆ ಕಾಫಿ ಹೂ ಬಿಡಲು ಬೇಕಾದ ಮಳೆ, ಬರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಕರಿಮೆಣಸೂ ಅದೇ ಹೊತ್ತಿಗೆ ಕೈಗೆ ಬರುತ್ತದೆ.

ತೋಟ ಇಲ್ಲದವರು, ಪೇಟೆಯಲ್ಲಿ ಮನೆ ಮಾತ್ರ ಇರುವವರು, ಡಿಸೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಧೈರ್ಯವಾಗಿ ಹೋಗಬಹುದು. ಅರೇಬಿಕಾ ಮಾತ್ರ ಇರುವವರು ಕುಯ್ಲು ಮುಗಿಸಿ, ಚೆರಿ (ಕಾಫಿ ಹಣ್ಣು) ಒಣಗಿಸಿ ಗೋಡೌನ್‌ಗೆ ಹಾಕಿದ ಮೇಲೆ ಹೊರಡಿ. ಕಣದಲ್ಲಿ ಕಾಫಿ ಹರಡಿಟ್ಟು ಮನೆಗೆ ಬೀಗ ಹಾಕಿದರೆ ಕಳ್ಳರಿಗೆ ಕರೆಯೋಲೆ ಕೊಟ್ಟ ಹಾಗೆ.

ರೋಬಸ್ಟಾ ತೋಟ ಇದ್ದು, ನಂಬುವಂಥ ರೈಟರ್ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಅಥವಾ ಅಣ್ಣತಮ್ಮಂದಿರು ಇಲ್ಲದಿದ್ದರೆ? ಒಂದೋ ಆ ವರ್ಷದ ಫಸಲನ್ನು ಗಿಡದ ಮೇಲೇ ಗುತ್ತಿಗೆಗೆ ಕೊಡಿ, ಇಲ್ಲವೇ ಡಿಸೆಂಬರ್‌ನಲ್ಲಿ ಒಂದು ತಿಂಗಳು ಮಾತ್ರ ಹೋಗಿ ಬನ್ನಿ. ಮೂರು ತಿಂಗಳು ಫೋನ್‌ನಲ್ಲೇ ತೋಟ ನೋಡಿಕೊಳ್ಳುತ್ತೇನೆ ಅನ್ನುವುದು ನಡೆಯದ ಮಾತು. ಲೈನ್‌ಮನೆಯಲ್ಲಿ (ತೋಟದ ಕೆಲಸಗಾರರ ಸಾಲುಮನೆ) ಕೂಲಿ ಲೆಕ್ಕದ ಜಗಳ ಶುರುವಾದರೆ ಅದನ್ನು ಮಲೇಷ್ಯಾದ ಪೆನಾಂಗ್‌ನಿಂದ ಬಿಡಿಸಲು ಆಗುವುದಿಲ್ಲ.

## ಹಂತ 2: ಡಾಕ್ಟರ್, ವಿಮೆ, ಒಂದು ರಿಹರ್ಸಲ್

ಪೂರ್ತಿ ತಪಾಸಣೆ ಮಾಡಿಸಿ. ಬಿಪಿ, ಸಕ್ಕರೆ, ಇಸಿಜಿ, ಹಲ್ಲು, ಕಣ್ಣು. ಹಲ್ಲನ್ನು ಬಹಳ ಜನ ಮರೆಯುತ್ತಾರೆ, ಹೋದ ದೇಶದಲ್ಲಿ ಮೊದಲು ಕೈಕೊಡುವುದು ಅದೇ. ಎಷ್ಟೋ ಪ್ರವಾಸ ವಿಮೆಗಳು ಹಲ್ಲಿಗೆ ಕೊಡುವುದು ಪುಡಿಗಾಸು.

ಊರಿನ ಆರೋಗ್ಯ ವಿಮೆ ಸಾಮಾನ್ಯವಾಗಿ ದೇಶದೊಳಗೆ ಮಾತ್ರ ನಡೆಯುತ್ತದೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡನ್ನೂ ಅಲ್ಲಿನ ಆಸ್ಪತ್ರೆಯಲ್ಲಿ ನೆಚ್ಚಿಕೊಳ್ಳಬೇಡಿ. ಪ್ರವಾಸ ವಿಮೆಯನ್ನು ಬೇರೆಯಾಗಿಯೇ ತಗೊಳ್ಳಬೇಕು, ಅದೂ ಭಾರತ ಬಿಡುವ ಮೊದಲು. ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಿ. ಮೊದಲೇ ಇರುವ ಕಾಯಿಲೆಗೆ ರಕ್ಷಣೆ ಇದೆಯಾ, ಇದ್ದರೆ ಎಷ್ಟರವರೆಗೆ? ಒಂದೇ ಪ್ರಯಾಣಕ್ಕೆ ಎಷ್ಟು ದಿನ? ಆಸ್ಪತ್ರೆಗೆ ನೇರ ದುಡ್ಡು ಕಟ್ಟುತ್ತಾರಾ, ಇಲ್ಲ ನಾವು ಕಟ್ಟಿ ಆಮೇಲೆ ಪಡೆಯಬೇಕಾ? ಅಲ್ಲಿಂದ ಮನೆಗೆ ಕರೆತರುವ ಖರ್ಚು ಸೇರಿದೆಯಾ?

ಬಿಪಿ ಮಾತ್ರೆ ತಗೊಳ್ಳುವುದನ್ನು ಮುಚ್ಚಿಟ್ಟು ಕಡಿಮೆ ಪ್ರೀಮಿಯಂ ಕಟ್ಟುವವರು ಇದ್ದಾರೆ. ಪಾರ್ಶ್ವವಾಯು ಆದ ದಿನ ಕಂಪನಿ ಹಳೇ ಚೀಟಿ ತೆಗೆಸಿ ನೋಡುತ್ತದೆ, ಕ್ಲೇಮ್ ಅಲ್ಲಿಗೇ ಮುಗಿಯಿತು. ಎಪ್ಪತ್ತು ದಾಟಿದವರಿಗೆ ಪ್ರೀಮಿಯಂ ಜಾಸ್ತಿ, ಪರೀಕ್ಷೆಗಳೂ ಜಾಸ್ತಿ. ವಿಮೆ ಸಿಗದಿದ್ದರೆ ಪ್ರಯಾಣ ಬೇಡ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಿಂದ ತಿಂಗಳಿಗಿಷ್ಟು ಅಂತ ಔಷಧಿ ತರುವವರು ಇಡೀ ಅವಧಿಯ ಔಷಧಿ ಒಟ್ಟಿಗೆ ಬೇಕು ಅಂತ ಮೊದಲೇ ಕೇಳಿಡಿ. ಸಿಗದಿದ್ದರೆ ದುಡ್ಡು ಕೊಟ್ಟೇ ತಗೊಳ್ಳಿ. ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇರಲಿ, ಬೇರೆ ದೇಶದ ಅಂಗಡಿಯಲ್ಲಿ ನಮ್ಮ ಬ್ರ್ಯಾಂಡ್ ಸಿಗುವುದಿಲ್ಲ. ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ ಅಥವಾ ಕೆಮ್ಮಿನ ಸಿರಪ್‌ಗೆ ಕೆಲವು ದೇಶಗಳಲ್ಲಿ ಬಿಗಿ ನಿಯಮ ಇದೆ. ಯುಎಇಯಲ್ಲಂತೂ ಮೊದಲೇ ಅನುಮತಿ ಬೇಕು. ಬದಲಿ ಮಾತ್ರೆ ಇದೆಯಾ ಅಂತ ಡಾಕ್ಟರನ್ನೇ ಕೇಳಿ.

ಇನ್ನು ರಿಹರ್ಸಲ್. ಅಕ್ಟೋಬರ್‌ನಲ್ಲಿ ಹತ್ತು ದಿನ ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಬಾಡಿಗೆ ಫ್ಲ್ಯಾಟ್ ಹಿಡಿದು ಒಬ್ಬರೇ ಇದ್ದು ನೋಡಿ. ಅಡುಗೆ, ಬಟ್ಟೆ, ಸಂಜೆಯ ಬೇಸರ, ಸೆಖೆಯಲ್ಲಿ ನಿದ್ದೆ, ಎಲ್ಲಾ ಅಲ್ಲೇ ಗೊತ್ತಾಗುತ್ತದೆ. ಮಂಗಳೂರಿನ ಬಿಸಿಯೇ ತಡೆಯದವರು ಥಾಯ್ಲೆಂಡ್‌ನಲ್ಲಿ ಇಡೀ ದಿನ ಎಸಿ ರೂಮಿನಲ್ಲಿ ಕೂರಬೇಕಾಗುತ್ತದೆ. ಕೆಲವರಿಗೆ ಮಂಗಳೂರೇ ಸಾಕು ಅಂತಲೂ ಅನ್ನಿಸಬಹುದು. ಹಾಗಾದರೆ ಇಷ್ಟೆಲ್ಲಾ ತಾಪತ್ರಯವೇ ಬೇಡ, ಅಲ್ವಾ?

## ಹಂತ 3: ಪಾಸ್‌ಪೋರ್ಟ್

ವಾಪಸ್ ಬರುವ ದಿನದಿಂದ ಮುಂದೆ ಆರು ತಿಂಗಳು ಮಾನ್ಯ ಇರಬೇಕು ಅಂತಲೇ ಲೆಕ್ಕ ಹಾಕಿ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಹೊಸದಕ್ಕೆ ಅರ್ಜಿ ಹಾಕಬಹುದು.

ನಮ್ಮ ಕಡೆಯ ವಿಶೇಷ ತೊಂದರೆ ಮನೆಹೆಸರು. ಪಾಸ್‌ಪೋರ್ಟ್‌ನಲ್ಲಿ ಮನೆಹೆಸರು ಪೂರ್ತಿ, ಆಧಾರ್‌ನಲ್ಲಿ ಇನಿಷಿಯಲ್, ಪೆನ್ಶನ್ ಪುಸ್ತಕದಲ್ಲಿ ತಂದೆಯ ಹೆಸರೂ ಸೇರಿ ಇನ್ನೇನೋ. ಟಿಕೆಟ್, ವೀಸಾ, ವಿಮೆ ಮೂರರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ, ಅಕ್ಷರಕ್ಕೆ ಅಕ್ಷರ ಹೆಸರು ಬರೆಯಿರಿ. ಮೊಮ್ಮಕ್ಕಳ ಕೈಯಲ್ಲಿ ಬುಕ್ ಮಾಡಿಸುವಾಗ ಪಾಸ್‌ಪೋರ್ಟನ್ನೇ ಮುಂದೆ ಇಡಿ. ಬಾಯಲ್ಲಿ ಹೇಳಬೇಡಿ.

## ಹಂತ 4: ದೇಶ ಅಲ್ಲ, ಊರು ಆರಿಸಿ

ಒಂದೇ ದೇಶದೊಳಗೆ ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಮಳೆ ಇರುತ್ತದೆ. ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ.

ಥಾಯ್ಲೆಂಡ್ ಅಂದ ಕೂಡಲೇ ಚಿಯಾಂಗ್ ಮಾಯ್ ಅನ್ನುವವರಿದ್ದಾರೆ. ಡಿಸೆಂಬರ್-ಜನವರಿಯಲ್ಲಿ ಅಲ್ಲಿನ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮಡಿಕೇರಿ ಬಿಟ್ಟು ಮಡಿಕೇರಿಗೇ ಹೋದ ಹಾಗಾಯಿತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಮುತ್ತ ಕಾಡು, ಹೊಲ ಸುಡುವ ಹೊಗೆ ಬೇರೆ. ಉಬ್ಬಸ ಇರುವವರು ಅತ್ತ ತಲೆ ಹಾಕಬೇಡಿ. ಕೊ ಸಮುಯಿ ದ್ವೀಪದಲ್ಲಿ ಡಿಸೆಂಬರ್‌ವರೆಗೂ ಮಳೆ ಬಿಡುವುದಿಲ್ಲ. ಆ ತಿಂಗಳುಗಳಿಗೆ ಹುವಾ ಹಿನ್, ಫುಕೆಟ್ ಕಡೆ ಒಳ್ಳೆಯದು. ಹುವಾ ಹಿನ್ ಸಮತಟ್ಟು ಊರು, ಗಲಾಟೆ ಕಡಿಮೆ, ವಯಸ್ಸಾದ ವಿದೇಶಿಯರು ತುಂಬಾ ಜನ ಇದ್ದಾರೆ.

ಮಲೇಷ್ಯಾದಲ್ಲಿ ಪಶ್ಚಿಮದ ಪೆನಾಂಗ್ ಆರಿಸಿ. ಪೂರ್ವ ಕರಾವಳಿಗೆ ಆಗ ಈಶಾನ್ಯ ಮಾರುತದ ಮಳೆ. ಪೆನಾಂಗ್‌ನಲ್ಲಿ ವರ್ಷವಿಡೀ 24ರಿಂದ 32 ಡಿಗ್ರಿ. ಒಳ್ಳೆಯ ಖಾಸಗಿ ಆಸ್ಪತ್ರೆಗಳಿವೆ. ತಮಿಳು ಗೊತ್ತಿದ್ದರೆ ಮಾತಿಗೂ ಕೊರತೆ ಇಲ್ಲ, ಇಡ್ಲಿ-ದೋಸೆಗೂ ಕೊರತೆ ಇಲ್ಲ.

ಶ್ರೀಲಂಕಾದಲ್ಲಿ ಗಾಲೆ, ಮಿರಿಸ್ಸ, ಬೆಂತೋಟ ಕಡೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚಾಗಿ ಒಣ ಹವೆ. ಟ್ರಿಂಕೋಮಲಿ ಕಡೆ ಅದೇ ಹೊತ್ತಿಗೆ ಮಳೆಗಾಲ. ಬೆಳಗಿನ ತಿಂಡಿಗೆ ಅಲ್ಲಿ ಇಡಿಯಪ್ಪ ಸಿಗುತ್ತದೆ, ನಮ್ಮ ಕೊಡಗಿನ ನೂಪುಟ್ಟು (ಅಕ್ಕಿ ಶ್ಯಾವಿಗೆ) ತಿಂದವರಿಗೆ ಪರಿಚಯವೇ ಬೇಡ. ಗಡಿಯಾರದ ಸಮಯವೂ ನಮ್ಮದೇ. ಹುಣ್ಣಿಮೆ ದಿನ ಮಾತ್ರ ಎಲ್ಲೂ ಮದ್ಯ ಮಾರುವುದಿಲ್ಲ. ಮಿಲಿಟರಿ ಕ್ಯಾಂಟೀನ್ ರಮ್ಮಿನ ಅಭ್ಯಾಸ ಇರುವವರಿಗೆ ಹೇಳಿದೆ ಅಷ್ಟೆ.

ವಿಯೆಟ್ನಾಂ ಆದರೆ ದಕ್ಷಿಣದ ಹೋ ಚಿ ಮಿನ್ಹ್ ಸಿಟಿ, ವುಂಗ್ ಟಾವ್. ಉತ್ತರದ ಹನೋಯ್‌ನಲ್ಲಿ ಜನವರಿಗೆ ಸ್ವೆಟರ್ ಬೇಕು. ಬಾಲಿಗೆ ಆಗ ಮಳೆಗಾಲ, ಮಾರಿಷಸ್‌ಗೆ ಚಂಡಮಾರುತದ ಕಾಲ. ಎರಡನ್ನೂ ಬಿಡಿ.

ಮೊದಲ ವರ್ಷ ಒಬ್ಬರೇ ಹೋಗುವವರಿಗೆ ನನ್ನ ಆಯ್ಕೆ ಪೆನಾಂಗ್ ಅಥವಾ ಗಾಲೆ. ಅಗ್ಗ ಅಂತಲ್ಲ. ಭಾಷೆ, ಊಟ, ವಿಮಾನದ ದೂರ, ಇವೆಲ್ಲ ಸಲೀಸು.

## ಹಂತ 5: ವೀಸಾ, ಆಗಮನ ಕಾರ್ಡ್

ಮಲೇಷ್ಯಾ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಬಿಡುತ್ತದೆ. ಈ ಸೌಲಭ್ಯವನ್ನು 2026ರ ಡಿಸೆಂಬರ್ 31ರವರೆಗೆ ಮುಂದುವರಿಸಿದ್ದಾರೆ. ಶ್ರೀಲಂಕಾಕ್ಕೆ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಇಟಿಎ (ಪ್ರವೇಶದ ಮುಂಗಡ ಅನುಮತಿ) ತಗೊಳ್ಳಿ, ಅದೂ ಶುರುವಿಗೆ 30 ದಿನದ್ದು. ವಿಯೆಟ್ನಾಂ 2023ರ ಆಗಸ್ಟ್ 15ರಿಂದ 90 ದಿನದ ಇ-ವೀಸಾ ಕೊಡುತ್ತಿದೆ. ಒಂದು ಪ್ರವೇಶಕ್ಕೆ ಶುಲ್ಕ 25 ಡಾಲರ್. ಪೂರ್ತಿ ಮೂರು ತಿಂಗಳು ಒಂದೇ ಕಡೆ ಇರಬೇಕು ಅನ್ನುವವರಿಗೆ ಇದೇ ಸುಲಭ. ಥಾಯ್ಲೆಂಡ್ 2024ರ ಜುಲೈನಲ್ಲಿ ವೀಸಾ ಇಲ್ಲದೆ 60 ದಿನ ಅಂತ ಮಾಡಿತು. ಅದನ್ನು ಇಳಿಸುವ ಮಾತು ಆಮೇಲೆ ಕೇಳಿಬಂದದ್ದರಿಂದ ಹೊರಡುವ ಮುಂಚೆ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಲೇಬೇಕು. ಥಾಯ್ಲೆಂಡ್ ತಲುಪಿದ ಮೇಲೆ ಅಲ್ಲಿನ ಇಮಿಗ್ರೇಷನ್ ಕಚೇರಿಯಲ್ಲಿ 1,900 ಬಾತ್ ಕಟ್ಟಿ ಇನ್ನೂ 30 ದಿನಕ್ಕೆ ಅರ್ಜಿ ಹಾಕಬಹುದು.

ಥಾಯ್ಲೆಂಡ್‌ನ ನಿವೃತ್ತಿ ವೀಸಾ 50 ದಾಟಿದವರಿಗೆ ಸಿಗುತ್ತದೆ. ಆದರೆ ಅದಕ್ಕೆ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಒಂದು ಚಳಿಗಾಲಕ್ಕೆ ಇದರ ಅಗತ್ಯವಿಲ್ಲ. ಏಜೆಂಟ್ ಒತ್ತಾಯ ಮಾಡಿದರೆ ಅವನ ಕಮಿಷನ್ ಅದರಲ್ಲಿದೆ ಅಂತ ತಿಳಿಯಿರಿ.

ಥಾಯ್ಲೆಂಡ್‌ಗೆ 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯ. ಮಲೇಷ್ಯಾಕ್ಕೂ ಅಂಥದ್ದೇ ಇದೆ. ಎರಡನ್ನೂ ತಲುಪುವ ಮೊದಲಿನ ಮೂರು ದಿನದೊಳಗೆ ತುಂಬಬೇಕು, ಎರಡೂ ಉಚಿತ. ಎಚ್ಚರಿಕೆ ಗುರುತು: ಈ ಕಾರ್ಡಿಗೆ ಯಾವುದಾದರೂ ವೆಬ್‌ಸೈಟ್ ದುಡ್ಡು ಕೇಳಿದರೆ ಅದು ನಕಲಿ ಅಥವಾ ದಲ್ಲಾಳಿಯದು. ಮುಚ್ಚಿಬಿಡಿ.

## ಹಂತ 6: ಪೆನ್ಶನ್, ಬ್ಯಾಂಕ್, ಫೋನ್

ಜೀವನ ಪ್ರಮಾಣ ಪತ್ರವನ್ನು ನವೆಂಬರ್‌ನಲ್ಲೇ ಮುಗಿಸಿ. 80 ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು. ಇಪಿಎಸ್ (ಪಿಎಫ್ ಕಡೆಯ) ಪೆನ್ಶನ್‌ನವರು ಯಾವಾಗ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ರಕ್ಷಣಾ ಪೆನ್ಶನ್‌ನ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ನಲ್ಲಿರುವ ಮಾಜಿ ಸೈನಿಕರು ತಮ್ಮ ವಾರ್ಷಿಕ ಗುರುತಿಸುವಿಕೆ ಯಾವ ತಿಂಗಳಿಗೆ ಬರುತ್ತದೆ ಅಂತ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಸಲ್ಲಿಸಿದರೆ ಸಾಲದು, ಸ್ವೀಕಾರ ಆಯಿತು ಅಂತ ಮೆಸೇಜ್ ಬರುವವರೆಗೆ ಬಿಡಬೇಡಿ.

ಬ್ಯಾಂಕ್ ಕಾರ್ಡ್ ಹೊರದೇಶದಲ್ಲಿ ತಾನಾಗಿಯೇ ನಡೆಯುವುದಿಲ್ಲ. ಆ್ಯಪ್‌ನಲ್ಲೋ ಶಾಖೆಯಲ್ಲೋ ಅಂತರರಾಷ್ಟ್ರೀಯ ವ್ಯವಹಾರ ಚಾಲೂ ಮಾಡಿಸಿ, ದಿನದ ಮಿತಿಯನ್ನು ಸಣ್ಣದಾಗಿ ಇಡಿ. ಥಾಯ್ಲೆಂಡ್‌ನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲವೂ 220 ಬಾತ್‌ನಷ್ಟು ಕತ್ತರಿಸುತ್ತವೆ. ಹಾಗಾಗಿ ಚೂರುಚೂರು ತೆಗೆಯಬೇಡಿ. ಯಂತ್ರ ‘ರೂಪಾಯಿಯಲ್ಲಿ ಲೆಕ್ಕ ಹಾಕಲಾ?’ ಅಂತ ಕೇಳಿದರೆ ಬೇಡ ಅನ್ನಿ, ಆ ದೇಶದ ಹಣವನ್ನೇ ಆರಿಸಿ. ರೂಪಾಯಿ ಆರಿಸಿದರೆ ದರ ಅವರದ್ದಾಗುತ್ತದೆ. ವಿದೇಶಿ ನೋಟು ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಒಯ್ಯಬಹುದು, ಉಳಿದದ್ದು ಫಾರೆಕ್ಸ್ ಕಾರ್ಡ್‌ನಲ್ಲಿ (ವಿದೇಶಿ ಹಣ ಮೊದಲೇ ತುಂಬಿಟ್ಟ ಕಾರ್ಡ್) ಇರಲಿ.

ಫೋನ್ ವಿಷಯ ಚಿಕ್ಕದು ಅಂತ ಕಾಣುತ್ತದೆ, ಕೈಕಟ್ಟಿ ಹಾಕುವುದು ಅದೇ. ಬ್ಯಾಂಕಿನ ಒಟಿಪಿ ಬರುವುದು ಊರಿನ ನಂಬರಿಗೆ. ಆ ಸಿಮ್ ಫೋನ್‌ನಲ್ಲೇ ಇರಬೇಕು, ರೋಮಿಂಗ್ ಚಾಲೂ ಇರಬೇಕು, ರೀಚಾರ್ಜ್ ನಡುವೆ ಮುಗಿಯಬಾರದು. ತೋಟದಲ್ಲಿ ಸಿಗುವುದು ಅದೊಂದೇ ಅಂತ ಬಿಎಸ್‌ಎನ್‌ಎಲ್ ಸಿಮ್ ಮಾತ್ರ ಇಟ್ಟುಕೊಂಡವರು ಹೊರಡುವ ಮೊದಲೇ ಕಚೇರಿಗೆ ಹೋಗಿ ರೋಮಿಂಗ್ ಹಾಕಿಸಿ. ಎರಡನೇ ಜಾಗಕ್ಕೆ ಅಲ್ಲಿಯ ಸಿಮ್. ಡೇಟಾ ಅದರಿಂದ ಬಳಸಿ. ಊರಿನ ಸಿಮ್‌ನ ಡೇಟಾ ರೋಮಿಂಗ್ ಬಂದ್ ಇರಲಿ, ಇಲ್ಲದಿದ್ದರೆ ಬಿಲ್ ನೋಡಿ ಬೆವರಬೇಕಾದೀತು.

## ಹಂತ 7: ಈಗ ಟಿಕೆಟ್, ಆಮೇಲೆ ಮನೆ

ಕಣ್ಣೂರು ಏರ್‌ಪೋರ್ಟ್ ವಿರಾಜಪೇಟೆಗೆ ಹತ್ತಿರ ನಿಜ. ಆದರೆ ಅಲ್ಲಿಂದ ಹೊರದೇಶದ ವಿಮಾನ ಹೆಚ್ಚಾಗಿ ಗಲ್ಫಿಗೆ. ಬ್ಯಾಂಕಾಕ್, ಕ್ವಾಲಾಲಂಪುರ, ಕೊಲಂಬೊಗೆ ಬೆಂಗಳೂರೇ ಗತಿ. ಮಡಿಕೇರಿಯಿಂದ ದೇವನಹಳ್ಳಿಯ ಏರ್‌ಪೋರ್ಟ್‌ಗೆ ಬೆಂಗಳೂರು ದಾಟಿ ಹೋಗಬೇಕು, ಟ್ರಾಫಿಕ್ ಹೇಗಿರುತ್ತದೆ ಅಂತ ಹೇಳಲಾಗದು. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ವಾಪಸ್ ಟಿಕೆಟ್ ಜೊತೆಗೇ ಇರಲಿ, ದಿನ ಬದಲಿಸಲು ಆಗುವಂಥದ್ದು. ಇಮಿಗ್ರೇಷನ್‌ನಲ್ಲಿ ಅದನ್ನೂ, ಉಳಿಯುವ ವಿಳಾಸವನ್ನೂ, ಖರ್ಚಿನ ಹಣವನ್ನೂ ಕೇಳಬಹುದು.

ಮೊದಲ ವಾರಕ್ಕೆ ಮಾತ್ರ ಹೋಟೆಲ್ ಬುಕ್ ಮಾಡಿ. ಮೂರು ತಿಂಗಳ ಬಾಡಿಗೆಯನ್ನು ಫೋಟೊ ನೋಡಿ ಮುಂಗಡ ಕಳಿಸಬೇಡಿ. ಹೋಗಿ ಕಣ್ಣಲ್ಲಿ ನೋಡಿ. ಲಿಫ್ಟ್ ಇದೆಯಾ? ಬಚ್ಚಲ ನೆಲ ಜಾರುತ್ತದಾ? ಹಿಡಿದುಕೊಳ್ಳಲು ಕಂಬಿ ಇದೆಯಾ? ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಎಷ್ಟು ಹೊತ್ತು? ಕೆಳಗೆ ರಿಸೆಪ್ಷನ್‌ನಲ್ಲಿ ರಾತ್ರಿ ಯಾರಾದರೂ ಇರುತ್ತಾರಾ? ಕಡಲು ಕಾಣುವ ಬಾಲ್ಕನಿಗಿಂತ ಈ ಕೊನೆಯದು ಮುಖ್ಯ. ಥಾಯ್ಲೆಂಡ್‌ನಲ್ಲಾದರೆ ವಿದೇಶಿಯರು ಬಂದ 24 ಗಂಟೆಯೊಳಗೆ ಮನೆಯವರು ಇಮಿಗ್ರೇಷನ್‌ಗೆ ತಿಳಿಸಬೇಕು, ಅದಕ್ಕೆ ಟಿಎಂ30 ಅನ್ನುತ್ತಾರೆ. ಮಾಡುತ್ತೀರಾ ಅಂತ ಕೇಳಿ. ‘ಅದೆಲ್ಲ ಬೇಡ’ ಅಂದರೆ ಆ ಮನೆ ಬಿಡಿ.

## ಹಂತ 8: ಬೆಳಗಿನ ಮೆಸೇಜ್

ಒಬ್ಬರೇ ಇರುವವರಿಗೆ ದೊಡ್ಡ ಅಪಾಯ ಕಳ್ಳನೂ ಅಲ್ಲ, ಕಾಯಿಲೆಯೂ ಅಲ್ಲ. ಬಿದ್ದದ್ದು ಯಾರಿಗೂ ಗೊತ್ತಾಗದೇ ಇರುವುದು.

ಒಬ್ಬರನ್ನು ಗೊತ್ತುಮಾಡಿ. ತಂಗಿ ಮಗಳೋ, ಹಳೇ ಸಹೋದ್ಯೋಗಿಯೋ. ದಿನಾ ಒಂದೇ ಹೊತ್ತಿಗೆ ಒಂದು ಮೆಸೇಜ್. ಬರದಿದ್ದರೆ ಒಂದು ಗಂಟೆ ಕಾದು ಅವರು ನಿಮಗೆ ಕರೆ ಮಾಡಬೇಕು, ಎತ್ತದಿದ್ದರೆ ರಿಸೆಪ್ಷನ್‌ಗೆ, ಆಮೇಲೆ ವಿಮೆಯ ತುರ್ತು ನಂಬರಿಗೆ, ಕೊನೆಗೆ ಭಾರತೀಯ ರಾಯಭಾರ ಕಚೇರಿಗೆ. ಈ ನಾಲ್ಕೂ ನಂಬರ್, ಪಾಸ್‌ಪೋರ್ಟ್ ಪ್ರತಿ, ವಿಮೆ ಪ್ರತಿ, ಔಷಧಿ ಪಟ್ಟಿ ಅವರ ಹತ್ತಿರ ಕಾಗದದಲ್ಲಿ ಇರಲಿ. ಆ ಮನುಷ್ಯ ತೋಟದ ಮನೆಯಲ್ಲಿ ಇರುವವರಾಗಬಾರದು. ಕರೆಂಟ್ ಹೋದರೆ ಟವರೂ ಹೋಗುತ್ತದೆ, ಅರ್ಧ ದಿನ ಯಾರಿಗೂ ಸಿಗುವುದಿಲ್ಲ. ಮೈಸೂರು, ಬೆಂಗಳೂರು, ಕಡೇಪಕ್ಷ ಪೇಟೆಯಲ್ಲಿ ಇರುವವರನ್ನು ಹಿಡಿಯಿರಿ.

ಸಮಯದ ವ್ಯತ್ಯಾಸ ಲೆಕ್ಕ ಹಾಕಿ. ಥಾಯ್ಲೆಂಡ್, ವಿಯೆಟ್ನಾಂ ನಮಗಿಂತ ಒಂದೂವರೆ ಗಂಟೆ ಮುಂದೆ. ಮಲೇಷ್ಯಾ ಎರಡೂವರೆ ಗಂಟೆ. ಪೆನಾಂಗ್‌ನ ಎಂಟು ಗಂಟೆ ಮೆಸೇಜ್ ಮೈಸೂರಿನಲ್ಲಿ ಐದೂವರೆಗೆ ಟಿಂಗ್ ಅನ್ನುತ್ತದೆ. ಒಂದು ವಾರ ಹಾಗೆ ಎಬ್ಬಿಸಿದರೆ ಅವರು ಶಬ್ದ ಬಂದ್ ಮಾಡುತ್ತಾರೆ, ಅಲ್ಲಿಗೆ ವ್ಯವಸ್ಥೆಯೇ ಸತ್ತಿತು.

ಆಂಬುಲೆನ್ಸ್ ನಂಬರ್ ಬಾಯಿಪಾಠ ಇರಲಿ: ಥಾಯ್ಲೆಂಡ್ 1669, ಮಲೇಷ್ಯಾ 999, ಶ್ರೀಲಂಕಾ 1990, ವಿಯೆಟ್ನಾಂ 115. ರೂಮಿನ ವಿಳಾಸವನ್ನು ಅಲ್ಲಿನ ಭಾಷೆಯಲ್ಲಿ ಬರೆಸಿ ಜೇಬಲ್ಲಿ ಇಟ್ಟುಕೊಳ್ಳಿ.

## ಹಂತ 9: ಮನೆ ಮುಚ್ಚುವುದು, ಚೀಲ ಕಟ್ಟುವುದು

ಕೋವಿ ಇರುವ ಮನೆಗೆ ಸುಮ್ನೆ ಬೀಗ ಹಾಕಿ ಹೋಗಬೇಡಿ. ರೈಟರ ಕೈಗೂ ಕೊಡಬೇಡಿ. ಲೈಸೆನ್ಸ್ ಆಗಲಿ, ಕೊಡಗಿನವರಿಗೆ ಕೊಡುವ ಲೈಸೆನ್ಸ್ ವಿನಾಯಿತಿ ಆಗಲಿ, ಇರುವುದು ನಿಮಗೆ, ಅವರಿಗಲ್ಲ. ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಕೋವಿ ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ತಗೊಳ್ಳಿ. ಮನೆ ಖಾಲಿ ಇರುತ್ತದೆ ಅಂತಲೂ ಅದೇ ಠಾಣೆಯಲ್ಲಿ ಹೇಳಿಬನ್ನಿ.

ಈಗ ಬಹಳ ಮುಖ್ಯವಾದದ್ದು. ಒಯ್ಯುವ ಚೀಲ, ಜಾಕೆಟ್, ಹಳೇ ಪ್ಯಾಂಟು, ಎಲ್ಲದರ ಜೇಬನ್ನೂ ಮಗುಚಿ ಕೊಡವಿ ನೋಡಿ. ಕೋವಿ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೋ ಪುತ್ತರಿಗೋ ಹಾಕಿದ್ದ ಜಾಕೆಟ್‌ನ ಒಳಜೇಬಿನ ಹೊಲಿಗೆ ಬಿಟ್ಟು, ಒಂದು ಗುಂಡು ಅಸ್ತರಿಗೆ ಜಾರಿರುತ್ತದೆ. ಏರ್‌ಪೋರ್ಟ್ ಎಕ್ಸ್‌ರೇಯಲ್ಲಿ ಜೀವಂತ ಗುಂಡು ಕಂಡರೆ ವಿಮಾನ ತಪ್ಪುವುದಷ್ಟೇ ಅಲ್ಲ, ಕೇಸೂ ಆಗಬಹುದು. ಖಾಲಿ ಕಾಟ್ರಿಜ್ ಕೂಡ ತಲೆನೋವೇ. ಹೊಸ ಚೀಲ ಕೊಳ್ಳುವುದು ಉತ್ತಮ.

ತಿನ್ನುವ ಸಾಮಾನು: ಕಾಫಿ ಪುಡಿ, ಮೆಣಸಿನ ಪುಡಿ ಸೀಲ್ ಮಾಡಿದ ಪ್ಯಾಕೆಟ್‌ನಲ್ಲಿ ಇರಲಿ. ಕಾಚಂಪುಳಿ (ಕೊಡಗಿನ ಹುಳಿರಸ) ದ್ರವ, ಅದು ಲಗೇಜಿಗೆ, ಎರಡು ಕವರ್ ಸುತ್ತಿ. ಒಣಗಿಸಿದ ಹಂದಿ ಮಾಂಸ ಬೇಡವೇ ಬೇಡ. ಗಸಗಸೆ ಯುಎಇ, ಸಿಂಗಾಪುರದಲ್ಲಿ ನಿಷೇಧ. ಸಿಂಗಾಪುರದಲ್ಲಿ ವಿಮಾನ ಬದಲಿಸುವವರೂ ಮಸಾಲೆ ಡಬ್ಬಿ ನೋಡಿಕೊಳ್ಳಿ. ಔಷಧಿ, ಇನ್ಸುಲಿನ್, ಕನ್ನಡಕ ಕೈಚೀಲದಲ್ಲಿ.

ಮನೆಯಲ್ಲಿ ಗ್ಯಾಸ್ ರೆಗ್ಯುಲೇಟರ್ ಬಂದ್, ಕರೆಂಟ್ ಬಿಲ್ ಮುಂಗಡ, ನಾಯಿಗೆ ಊಟ ಹಾಕುವವರು ಗೊತ್ತು. ಜನವರಿ ನಂತರ ಬೆಂಕಿಯ ಕಾಲ, ಮನೆ ಸುತ್ತಲಿನ ಒಣಹುಲ್ಲು ಹೆರೆಸಿ. ಹೊರಟ ಫೋಟೊವನ್ನು ಫೇಸ್‌ಬುಕ್‌ಗೆ ಹಾಕುವುದು ವಾಪಸ್ ಬಂದ ಮೇಲೆ.

## ಹಂತ 10: ಅಲ್ಲಿದ್ದಾಗ ಕಾಣುವ ಎಚ್ಚರಿಕೆ ಗುರುತುಗಳು

ಸ್ಕೂಟರ್ ಬಾಡಿಗೆ. ಊರಲ್ಲಿ ಜೀಪ್ ಓಡಿಸಿದ ಧೈರ್ಯ ಅಲ್ಲಿ ಬೇಡ. ಅಲ್ಲಿ ನಡೆಯುವ ಲೈಸೆನ್ಸ್ ಇಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ.

ಅಧಿಕಾರಿಯ ಹೆಸರಲ್ಲಿ ವಿಡಿಯೊ ಕರೆ. ‘ನಿಮ್ಮ ಹೆಸರಲ್ಲಿ ಪಾರ್ಸೆಲ್ ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಅಂದರೆ ಕರೆ ಕತ್ತರಿಸಿ. ಅಂಥ ಅರೆಸ್ಟೇ ಕಾನೂನಿನಲ್ಲಿ ಇಲ್ಲ.

ವೀಸಾ ದಿನ. ಥಾಯ್ಲೆಂಡ್‌ನಲ್ಲಿ ಮಿತಿ ಮೀರಿದ ಪ್ರತಿ ದಿನಕ್ಕೆ 500 ಬಾತ್ ದಂಡ, 20,000ದವರೆಗೆ. ಬಂದಿಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಪಾಸ್‌ಪೋರ್ಟ್‌ನ ಮುದ್ರೆಯಲ್ಲಿರುವ ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಫೋನ್‌ನಲ್ಲಿ ಅಲಾರಂ ಇಡಿ.

ಮಂಕು. ಎರಡನೇ ವಾರದಲ್ಲಿ ರೂಮಿನಿಂದ ಹೊರಗೆ ಹೋಗಲು ಮನಸ್ಸಿಲ್ಲ, ಊಟ ಬಿಟ್ಟಿದೆ, ಬೆಳಗಿನ ಮೆಸೇಜ್ ಒಂದೇ ಅಕ್ಷರಕ್ಕೆ ಇಳಿದಿದೆ ಅಂದರೆ ಒಂಟಿತನ ಹಿಡಿದಿದೆ ಅಂತ ಅರ್ಥ. ನಿಗದಿ ಹೊತ್ತಿಗೆ ಹೋಗುವ ಒಂದು ಜಾಗ ಮಾಡಿಕೊಳ್ಳಿ. ಪಾರ್ಕಿನ ವ್ಯಾಯಾಮ, ದೇವಸ್ಥಾನ, ಒಂದೇ ಚಹಾ ಅಂಗಡಿ. ಅದಕ್ಕೂ ಸರಿಹೋಗದಿದ್ದರೆ ಟಿಕೆಟ್ ದಿನ ಬದಲಿಸಿ ಬಂದುಬಿಡಿ. ದಿನ ಬದಲಿಸುವಂಥ ಟಿಕೆಟ್ ತಗೊಳ್ಳಿ ಅಂದದ್ದು ಇದಕ್ಕೇ.

## ಹಂತ 11: ವಾಪಸ್ ಬಂದ ಮೇಲೆ

ಸ್ಪ್ರಿಂಕ್ಲರ್ ಹಾಕುವವರು ಪಂಪ್ ರಿಪೇರಿಗೆ ಒಂದು ವಾರ ಸಿಗುವ ಹಾಗೆ ಬನ್ನಿ. ಠಾಣೆಗೆ ಹೋಗಿ ಕೋವಿ ಬಿಡಿಸಿಕೊಳ್ಳಿ. ಕಾರ್ಡ್‌ಗಳ ಅಂತರರಾಷ್ಟ್ರೀಯ ವ್ಯವಹಾರ ಬಂದ್ ಮಾಡಿ. ಉಳಿದ ವಿದೇಶಿ ಹಣದಲ್ಲಿ 2,000 ಡಾಲರ್‌ವರೆಗೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಜಾಸ್ತಿ ಇದ್ದರೆ 180 ದಿನದೊಳಗೆ ಬ್ಯಾಂಕಿಗೆ ಮರಳಿಸಬೇಕು.

ಬಂದ ಎರಡು-ಮೂರು ವಾರದಲ್ಲಿ ಜ್ವರ ಬಂದರೆ ಹವೆ ಬದಲಾಗಿದೆ ಅಂತ ಕಷಾಯ ಕುಡಿದು ಮಲಗಬೇಡಿ. ಡಾಕ್ಟರ್ ಹತ್ತಿರ ಹೋಗಿ, ಯಾವ ದೇಶದಲ್ಲಿ ಇದ್ದಿರಿ ಅಂತ ಮೊದಲೇ ಹೇಳಿ. ಡೆಂಗಿ, ಮಲೇರಿಯಾ ಎರಡಕ್ಕೂ ರಕ್ತ ಪರೀಕ್ಷೆ ಬರೆಸಿಕೊಳ್ಳಿ.